ಹವ್ಯಾಸದ ಹೊತ್ತಗೆ

ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಒಂದು ಅಲಾರಂ ಗಡಿಯಾರವಿದ್ದಿತು. ನಸುಕಿನ ಮೊದಲ ಬಸ್ಸನ್ನು ಹಿಡಿಯಬೇಕಾಗಿದ್ದ ನಮ್ಮ ತಂದೆಯವರು ಅದನ್ನು ತಲೆದಿಂಬಿನ ಬಳಿಯಲ್ಲಿಯೇ ಇಟ್ಟುಕೊಂಡು ಮಲಗುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ನಿದ್ರೆಯಲ್ಲಿದ್ದಾಗ, ಒಳಗೆ ಕುಳಿತು ಟಿಕ್ ಟಿಕ್ ಎನ್ನುವುದು ಯಾವುದೆಂದು ನೋಡುವ ಆಸೆಯಿಂದ ನಾನು ಅದರ ಹಿಂಬದಿಯ ತಗಡನ್ನು ಬಿಚ್ಚಿದೆನು. ಮೊದಲು ತಿರುಪುಗಳು ಬಂದುವು, ಆಮೇಲೆ ಹಲ್ಲುಗಾಲಿಗಳು ಬಂದುವು, ಕೊನೆಗೆ ಸುರುಳಿಯ ಸ್ಪ್ರಿಂಗು ಹಾವಿನಂತೆ ಹೊರಕ್ಕೆ ನೆಗೆಯಿತು. ಸಂಜೆಯವರೆಗೆ ಹೆಣಗಿ ಎಲ್ಲವನ್ನೂ ಮರಳಿ ತುಂಬಿದೆನು; ಆದರೆ ಎರಡು ತಿರುಪುಗಳೂ ಒಂದು ಹಲ್ಲುಗಾಲಿಯೂ ನನ್ನ ಕೈಯಲ್ಲಿಯೇ ಉಳಿದುವು. ಮರುದಿನ ತಂದೆಯವರಿಗೆ ಬಸ್ಸು ತಪ್ಪಿತು. ನನಗೆ ಏಟು ತಪ್ಪಲಿಲ್ಲ.

ಮುಂದಿನ ವಾರ ಅವರೇ ನನ್ನನ್ನು ಗಡಿಯಾರ ರಿಪೇರಿಯವರ ಅಂಗಡಿಗೆ ಕರೆದುಕೊಂಡು ಹೋದರು. ಆ ಮುದುಕರು ಮೇಜಿನ ಮೇಲೆ ಬಿಳಿಯ ಬಟ್ಟೆಯೊಂದನ್ನು ಹಾಸಿದರು. ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತ ಹೋದರು. ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರು. ಬಟ್ಟೆ ಬರಿದಾಗುವ ಹೊತ್ತಿಗೆ ಗಡಿಯಾರ ನಡೆಯುತ್ತಿದ್ದಿತು. “ಬಿಚ್ಚುವುದು ಎಲ್ಲರಿಗೂ ಬರುತ್ತದಪ್ಪಾ, ಬಿಚ್ಚಿದ ಸಾಲು ನೆನಪಿರಬೇಕು” ಎಂದು ಅವರು ನನ್ನ ಕಡೆಗೆ ನೋಡದೆಯೇ ಹೇಳಿದರು.

ವಿದ್ಯಾರ್ಥಿಗಳೇ, ಬಿಡುವಿನ ವೇಳೆಯಲ್ಲಿ ಪ್ರತಿಫಲವನ್ನು ಬಯಸದೆ, ಮನಸ್ಸಿನ ಸಂತೋಷಕ್ಕಾಗಿ ಮಾಡುವ ಕೆಲಸಕ್ಕೆ ಹವ್ಯಾಸವೆಂದು ಹೆಸರು. ಒಬ್ಬನಿಗೆ ಯಂತ್ರಗಳನ್ನು ಬಿಚ್ಚಿ ನೋಡುವ ಚಪಲ, ಇನ್ನೊಬ್ಬನಿಗೆ ಹೊಸ ಆಟಗಳನ್ನು ಕಟ್ಟುವ ಹುಚ್ಚು. ಒಬ್ಬಳಿಗೆ ರೊಟ್ಟಿ ಕೇಕುಗಳನ್ನು ಸುಡುವ ಆಸೆ, ಮತ್ತೊಬ್ಬಳಿಗೆ ನಗೆಯ ಕಥೆಗಳನ್ನು ಬರೆಯುವ ಉತ್ಸಾಹ. ಇವೆಲ್ಲ ಒಳ್ಳೆಯವೇ. ಆದರೆ ಇವುಗಳಿಗೂ ಬರಿಯ ಕಾಲಹರಣಕ್ಕೂ ನಡುವೆ ಆ ಬಿಳಿಯ ಬಟ್ಟೆಯಷ್ಟು ಅಂತರವುಂಟು. ಮಾಡಿದುದನ್ನು ಮಾಡಿದ ಕ್ರಮದಲ್ಲಿ, ಕೆಟ್ಟುದನ್ನು ಕೆಟ್ಟ ಬಗೆಯಲ್ಲಿ, ನಮ್ಮದೇ ಮಾತಿನಲ್ಲಿ ಒಂದು ಹೊತ್ತಗೆಯಲ್ಲಿ ಬರೆದಿಟ್ಟರೆ ಹವ್ಯಾಸವು ವಿದ್ಯೆಯಾಗುವುದು. ಬರೆಯದಿದ್ದರೆ ಕೈಯಲ್ಲಿ ಎರಡು ತಿರುಪುಗಳು ಉಳಿಯುವುವು. ಇದನ್ನು ನಾಲ್ಕು ಹವ್ಯಾಸಗಳ ಮೂಲಕ ವಿಚಾರಮಾಡೋಣ.

೧. ಮನೆಯೊಂದರಲ್ಲಿ ಹುಟ್ಟಿದ ಆಕಾಶವಾಣಿ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರೆಂಬ ಪ್ರಾಧ್ಯಾಪಕರಿದ್ದರು. ಅವರು ಕಲಿಸುತ್ತಿದ್ದುದು ಯಂತ್ರಶಾಸ್ತ್ರವನ್ನಲ್ಲ, ಮನಶ್ಶಾಸ್ತ್ರವನ್ನು. ಆದರೂ 1935ನೆಯ ಇಸವಿಯ ಸೆಪ್ಟೆಂಬರ್ 10ರಂದು ಅವರು ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಿಂದಲೇ ಒಂದು ಖಾಸಗಿ ರೇಡಿಯೋ ನಿಲಯವನ್ನು ಆರಂಭಿಸಿದರು. ಮೊದಲು ಬಳಸಿದ ಪ್ರಸಾರಯಂತ್ರದ ಶಕ್ತಿ 30 ವ್ಯಾಟ್. ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ 40 ವ್ಯಾಟಿನ ಬಲ್ಬಿಗಿಂತಲೂ ಅದು ಕಡಿಮೆ! ಆ ಬಲ್ಬಿನ ಬೆಳಕು ಅಂಗಳವನ್ನು ದಾಟಲಾರದು. ಈ ಯಂತ್ರದ ಅಲೆಯು ಊರನ್ನು ದಾಟಿ ಹೋಯಿತು. ಮುಂದೆ 250 ವ್ಯಾಟಿನ ಯಂತ್ರ ಬಂದಿತು. 1942ರಲ್ಲಿ ಮೈಸೂರು ಸಂಸ್ಥಾನವು ನಿಲಯವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋದೊಡನೆ ಸೇರಿತು.

ಇದು ನಡೆಯುವ ಬಗೆಯನ್ನು ಸ್ವಲ್ಪ ತಿಳಿಯೋಣ. ನಾವಾಡುವ ಮಾತು ಗಾಳಿಯ ಕಂಪನ. ಮೈಕು ಆ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಸೆಕೆಂಡಿಗೆ ಲಕ್ಷಾಂತರ ಬಾರಿ ಕಂಪಿಸುವ ಇನ್ನೊಂದು ಅಲೆಯ ಮೇಲೆ, ಕುದುರೆಯ ಮೇಲೆ ಸವಾರನನ್ನು ಕೂರಿಸುವಂತೆ, ಈ ಏರಿಳಿತವನ್ನು ಕೂರಿಸಿ ಎತ್ತರದ ತಂತಿಯಿಂದ ಆಕಾಶಕ್ಕೆ ಬಿಡುವುದೇ ಪ್ರಸಾರ. ಕೇಳುವವನ ಯಂತ್ರವು ಕುದುರೆಯನ್ನು ಬಿಟ್ಟು ಸವಾರನನ್ನು ಮಾತ್ರ ಇಳಿಸಿಕೊಳ್ಳಬೇಕು. ಇದಕ್ಕೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಗೊಡುವ ಸಾಧನವೊಂದು ಬೇಕು. ಅಂದು ಗಾಜಿನ ವಾಲ್ವುಗಳು ಈ ಕೆಲಸವನ್ನು ಮಾಡುತ್ತಿದ್ದುವು. ಆಮೇಲೆ ಅಕ್ಕಿಯ ಕಾಳಿನಷ್ಟು ಸಣ್ಣ ಡಯೋಡು ಬಂದಿತು.

ಡಯೋಡಿನ ಗುಣವನ್ನು ನೀವು ಮನೆಯಲ್ಲಿಯೇ ನೋಡಬಹುದು. ಕೆಂಪು ಎಲ್‌ಇಡಿ ದೀಪವೂ ಒಂದು ಡಯೋಡೇ. 1.5 ವೋಲ್ಟಿನ ಒಂದು ಸೆಲ್ಲಿಗೆ ಅದನ್ನು ಜೋಡಿಸಿರಿ; ಹೊತ್ತದು. ಎರಡು ಸೆಲ್ಲುಗಳನ್ನು ಒಂದರ ಹಿಂದೆ ಒಂದಾಗಿ ಇಟ್ಟು, ನಡುವೆ 100 ಓಂ ರೋಧಕವನ್ನು ಸೇರಿಸಿರಿ, ಹೊತ್ತುವುದು. ಈಗ ಎಲ್‌ಇಡಿಯ ಕಾಲುಗಳನ್ನು ಅದಲುಬದಲು ಮಾಡಿರಿ, ಆರುವುದು. ಹೊತ್ತದಿದ್ದುದು, ಹೊತ್ತಿದುದು, ಆರಿದುದು ಮೂರನ್ನೂ ಚಿತ್ರ ಬರೆದು ಹೊತ್ತಗೆಯಲ್ಲಿ ಗುರುತುಮಾಡಿರಿ. ಆದರೆ ಒಂದು ಎಚ್ಚರಿಕೆಯನ್ನು ಮರೆಯಬೇಡಿರಿ: ಪ್ರಯೋಗವೆಲ್ಲ ಸೆಲ್ಲುಗಳಿಂದ ಮಾತ್ರ. ಗೋಡೆಯ ಪ್ಲಗ್ಗಿನ 230 ವೋಲ್ಟು ಎರಡನೆಯ ಪ್ರಯೋಗಕ್ಕೆ ಅವಕಾಶ ಕೊಡುವುದಿಲ್ಲ.

ಮೈಸೂರಿನ ಆ ನಿಲಯದ ಕಥೆಯಲ್ಲಿ ನಮಗೆ ಮುಖ್ಯವಾದುದು ಇನ್ನೊಂದಿದೆ. ಅದು ಅದರ ಹೆಸರು. ಯಂತ್ರ ಹೊರದೇಶದ್ದಾದರೂ ಹೆಸರು ನಮ್ಮದಾಯಿತು—‘ಆಕಾಶವಾಣಿ’. ಈ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುತ್ತಾರೆ. ಕಸ್ತೂರಿಯವರು ಹುಟ್ಟಿದ್ದು ಕೇರಳದಲ್ಲಿ. ಅವರ ಮನೆಮಾತು ಕನ್ನಡವಲ್ಲ. ಮೈಸೂರಿಗೆ ಬಂದು ಚರಿತ್ರೆಯ ಅಧ್ಯಾಪಕರಾಗಿ, ಕನ್ನಡವನ್ನು ಕಲಿತು, ಕನ್ನಡಿಗರನ್ನೇ ನಗಿಸುವ ಲೇಖಕರಾದರು. ತಮ್ಮ ಬಾಳಿನ ಕೊನೆಯ ಭಾಗವನ್ನು ನಮ್ಮ ಸೀಮೆಯ ಪುಟ್ಟಪರ್ತಿಯಲ್ಲಿ ಕಳೆದು 1987ರಲ್ಲಿ ತೀರಿಕೊಂಡರು. 2022ರಿಂದ ಮಡಕಶಿರಾ ತಾಲ್ಲೂಕು ಸೇರಿರುವ ಜಿಲ್ಲೆಗೆ ಆ ಪುಟ್ಟಪರ್ತಿಯೇ ಮುಖ್ಯಸ್ಥಳ. ಮೈಸೂರಿನ ಒಂದು ಮನೆಯಲ್ಲಿ ಕೇಳಿಬಂದ ಹೆಸರನ್ನು 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ತನ್ನದಾಗಿ ಮಾಡಿಕೊಂಡಿತು. ತಾನು ಮಾಡಿದ ಕೆಲಸಕ್ಕೆ ತನ್ನ ಮಾತಿನಲ್ಲಿ ಹೆಸರಿಡಬಲ್ಲವನು ಆ ಕೆಲಸವನ್ನು ಅರಿತಿರುವನೆಂದೇ ಅರ್ಥ.

೨. ಅರಸರ ಆಟ, ಕಟ್ಟೆಯ ಆಟ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ವಿಷಯದಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. 1831ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಅರಸರಿಗೆ ಉಳಿದುದು ಅರಮನೆ ಮತ್ತು ಬಿಡುವು. ಆ ಬಿಡುವನ್ನು ಅವರು ವ್ಯರ್ಥವಾಗಿ ಕಳೆಯಲಿಲ್ಲ. ಚದುರಂಗದ ಸಮಸ್ಯೆಗಳನ್ನು ಬಿಡಿಸಿದರು, ಹೊಸ ಮಣೆಯಾಟಗಳನ್ನು ಕಲ್ಪಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ಯಲ್ಲಿ ಈ ಆಟಗಳಿಗೆ ಸ್ಥಾನ ದೊರೆಯಿತು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆಟದ ಮಣೆಗಳ ಚಿತ್ರಗಳಿವೆ. ಹೊತ್ತಗೆ ಸಾಲದೆ ಅರಸರು ಗೋಡೆಯ ಮೇಲೂ ಬರೆಸಿದರೆನ್ನಬಹುದು! ವಿದ್ಯಾರ್ಥಿಗಳು ಮಾತ್ರ ಇದನ್ನು ಅನುಕರಿಸಬಾರದು.

ಅರಸರು ಪ್ರೀತಿಸಿದ ಸಮಸ್ಯೆಗಳಲ್ಲಿ ‘ಕುದುರೆಯ ನಡಿಗೆ’ ಒಂದು. ಚದುರಂಗದ ಕುದುರೆಯನ್ನು 64 ಮನೆಗಳಿಗೂ, ಒಂದೊಂದಕ್ಕೆ ಒಂದೇ ಬಾರಿಯಂತೆ, ಕರೆದೊಯ್ಯಬೇಕು. ನೀವು ಮೊದಲು ಐದಕ್ಕೆ ಐದರ ಸಣ್ಣ ಮಣೆಯಲ್ಲಿ ಪ್ರಯತ್ನಿಸಿರಿ. ಮೂಲೆಯ ಮನೆಯಿಂದ ಹೊರಟರೆ ದಾರಿ ಸಿಕ್ಕುವುದು. ಮೂಲೆಯ ಪಕ್ಕದ ಮನೆಯಿಂದ ಹೊರಟರೆ ಎಷ್ಟು ದಿನ ಹೆಣಗಿದರೂ ಸಿಕ್ಕದು. ಏತಕ್ಕೆ? ಮಣೆಯ ಮನೆಗಳಿಗೆ ಒಂದು ಬಿಟ್ಟು ಒಂದರಂತೆ ಕಪ್ಪು ಬಿಳುಪು ಬಣ್ಣ ಹಚ್ಚಿರಿ. ಮೂಲೆಗಳು ಕಪ್ಪಾದರೆ 13 ಕಪ್ಪು, 12 ಬಿಳುಪು ಮನೆಗಳಾಗುವುವು. ಕುದುರೆಯ ಪ್ರತಿ ನೆಗೆತದಲ್ಲೂ ಬಣ್ಣ ಬದಲಾಗುವುದು. ಬಿಳಿಯ ಮನೆಯಿಂದ ಹೊರಟರೆ ಮೊದಲನೆಯದು ಬಿಳುಪು, ಮೂರನೆಯದು ಬಿಳುಪು, ಹೀಗೆ ಇಪ್ಪತ್ತೈದನೆಯದೂ ಬಿಳುಪಾಗಬೇಕು. ಎಂದರೆ 13 ಬಿಳಿಯ ಮನೆಗಳು ಬೇಕು. ಇರುವುದೋ 12! ಆದುದರಿಂದ ಆ ದಾರಿ ಇಲ್ಲವೇ ಇಲ್ಲ. ಮಾಡಲಾಗದುದನ್ನು ಮಾಡಲಾಗದೆಂದು ಕಾರಣಸಹಿತ ತಿಳಿಯುವುದೂ ಒಂದು ಗೆಲುವೇ.

ಅರಮನೆಯ ಆಟ ನಮಗೆ ದೂರವೆನಿಸಿದರೆ ಕಟ್ಟೆಯ ಆಟ ಹತ್ತಿರದಲ್ಲಿಯೇ ಇದೆ. ಮೂರು ಹುಲಿ, ಹದಿನೈದು ಕುರಿಗಳ ಆಟವನ್ನು ನಿಮ್ಮ ತಾತಂದಿರು ಕಲ್ಲಿನ ಮೇಲೆ ಗೆರೆಯೆಳೆದು ಆಡಿದವರು. ಕನ್ನಡದ ಮನೆಯಲ್ಲಿ ಅದು ಹುಲಿ-ಕುರಿ. ತೆಲುಗಿನ ನೆರೆಮನೆಯಲ್ಲಿ ಪುಲಿ-ಮೇಕ. ಹುಲಿಯು ಕುರಿಯನ್ನು ಹಾರಿ ಹೊಡೆಯುವುದು. ಕುರಿಗಳು ಕೂಡಿ ನಿಂತು ಹುಲಿಯನ್ನು ಕಟ್ಟಿಹಾಕುವುವು. ಇದರಲ್ಲಿ ಹದಿನೈದೇ ಕುರಿಗಳು ಏತಕ್ಕೆಂದು ಯಾರಾದರೂ ಕೇಳಿದ್ದೀರಾ? ಹದಿನೈದು ಕುರಿಗಳಿಂದ ಹತ್ತು ಆಟ, ಹನ್ನೆರಡರಿಂದ ಹತ್ತು ಆಟ ಆಡಿ, ಗೆದ್ದವರಾರೆಂದು ಹೊತ್ತಗೆಯಲ್ಲಿ ಬರೆಯಿರಿ. ಇಪ್ಪತ್ತು ಆಟಗಳಾದ ಮೇಲೆ ಆ ಲೆಕ್ಕವೇ ನಿಮಗೆ ಉತ್ತರ ಹೇಳುವುದು. ಈಗಿನ ಮಕ್ಕಳು ಕಂಪ್ಯೂಟರಿನಲ್ಲಿ ಆಟವನ್ನು ಆಡುವುದಷ್ಟೇ ಅಲ್ಲ, ಕಟ್ಟಲೂ ಬಲ್ಲರು. ಹಾಗೆ ಕಟ್ಟುವವರಿಗೂ ಮೊದಲು ಬೇಕಾಗುವುದು ನಿಯಮಗಳನ್ನು ಹೀಗೆ ಒಂದೊಂದಾಗಿ ಬದಲಿಸಿ ನೋಡುವ ಈ ತಾಳ್ಮೆಯೇ.

೩. ಹಿಟ್ಟು ಉಬ್ಬುವ ಪಾಠ

ರೊಟ್ಟಿಯನ್ನು ಮುಚ್ಚಿ ಬೇಯಿಸುವ ವಿದ್ಯೆ ಪೇಟೆಯ ಬೇಕರಿಯೊಡನೆ ಬಂದುದೆಂದು ಅನೇಕರು ತಿಳಿದಿರುತ್ತಾರೆ. ಆದರೆ ಹದಿನಾರನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಕನ್ನಡ ಪದ್ಯಗಳಲ್ಲಿ ರಚಿಸಿದನು. ಹಿಟ್ಟಿನ ತಿನಿಸುಗಳಿಗೆ ಅದರಲ್ಲಿ ವಿಶೇಷ ಸ್ಥಾನವಿದೆ. ಅವನು ಹೇಳುವ ‘ಮುಚ್ಚಳ ರೊಟ್ಟಿ’ಯನ್ನು ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದರು. ಬೇಕರಿಯ ಒಲೆಯ ತತ್ತ್ವವೂ ಇದೇ. ಶಾಖವು ಎಲ್ಲ ಕಡೆಯಿಂದಲೂ ಬರಬೇಕು. ಸೈನ್ಯ ನಡೆಸುವ ಮನೆತನದಲ್ಲಿ ಹುಟ್ಟಿದವನು ಅಡುಗೆಮನೆಯ ಅನುಭವವನ್ನು ಬರೆದಿಡುವುದಕ್ಕೆ ನಾಚಲಿಲ್ಲವೆಂಬುದನ್ನು ಹುಡುಗರು ಗಮನಿಸಬೇಕು.

ಮನೆಯಲ್ಲಿ ಮಾಡುವ ಬಗೆ ಹೀಗೆ: ಮೈದಾ ಹಿಟ್ಟು 250 ಗ್ರಾಂ, ಒಣ ಯೀಸ್ಟು ಒಂದು ಸಣ್ಣ ಚಮಚ, ಸಕ್ಕರೆ ಒಂದು ಚಮಚ, ಉಪ್ಪು ಮುಕ್ಕಾಲು ಸಣ್ಣ ಚಮಚ, ಎಣ್ಣೆ ಒಂದು ಚಮಚ, ಉಗುರು ಬೆಚ್ಚಗಿನ ನೀರು ಸುಮಾರು 150 ಮಿಲಿಲೀಟರು. ಹತ್ತು ನಿಮಿಷ ಚೆನ್ನಾಗಿ ನಾದಿ, ಪಾತ್ರೆಯಲ್ಲಿಟ್ಟು ಒದ್ದೆಬಟ್ಟೆ ಮುಚ್ಚಿರಿ. ಹಿಟ್ಟು ಎರಡರಷ್ಟು ಉಬ್ಬಿದ ಮೇಲೆ ಮೆಲ್ಲನೆ ಅದುಮಿ, ಎಣ್ಣೆ ಸವರಿದ ಡಬ್ಬಿಯಲ್ಲಿಟ್ಟು ಇನ್ನೊಮ್ಮೆ ಉಬ್ಬಗೊಡಿರಿ. ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳೆತ್ತರ ಒಣ ಮರಳನ್ನು ಹಾಕಿ, ಮುಚ್ಚಿ, ಹತ್ತು ನಿಮಿಷ ಕಾಯಿಸಿ, ಒಳಗೆ ಸಿಂಬಿಯಂಥದೊಂದು ತಗಡಿನ ಬಳೆಯಿಟ್ಟು ಅದರ ಮೇಲೆ ಡಬ್ಬಿಯನ್ನು ಇಳಿಸಿರಿ. ಹದವಾದ ಉರಿಯಲ್ಲಿ ಸುಮಾರು 40 ನಿಮಿಷಗಳಲ್ಲಿ ರೊಟ್ಟಿ ಸಿದ್ಧವಾಗುವುದು. ಒಲೆಯ ಬಳಿ ತಾಯಿಯೋ ಅಕ್ಕನೋ ಇರಲೇಬೇಕು.

ಯೀಸ್ಟೆಂಬುದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಅದು ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತದೆ. ಗೋಧಿಯಲ್ಲಿ ಗ್ಲೂಟೆನ್ ಎಂಬ ಅಂಟಿನ ಪದಾರ್ಥವುಂಟು. ನಾದಿದಾಗ ಅದು ಬಲೆಯಂತೆ ಹೆಣೆದುಕೊಂಡು ಅನಿಲವನ್ನು ಹಿಡಿದಿಡುತ್ತದೆ. ಆದುದರಿಂದಲೇ ಹಿಟ್ಟು ಉಬ್ಬುವುದು. ಮಡಕಶಿರಾದ ಕಡೆಯ ರಾಗಿಯಲ್ಲಾಗಲಿ, ರಾಯದುರ್ಗದ ಕಡೆಯ ಜೋಳದಲ್ಲಾಗಲಿ ಗ್ಲೂಟೆನ್ ಇಲ್ಲ. ಅದು ಅವುಗಳ ದೋಷವಲ್ಲ. ಮುದ್ದೆಗೂ ಬಡಿಯುವ ರೊಟ್ಟಿಗೂ ಉಬ್ಬುವ ಅಗತ್ಯವೇ ಇಲ್ಲವಷ್ಟೆ. ಆದರೆ ಮೈದಾದಲ್ಲಿ ನಾಲ್ಕರಲ್ಲಿ ಒಂದು ಪಾಲು ರಾಗಿಯನ್ನು ಬೆರೆಸಿ ನೋಡಿರಿ. ಆಮೇಲೆ ಅರ್ಧ ಪಾಲನ್ನು ಬೆರೆಸಿ ನೋಡಿರಿ. ಎಷ್ಟಕ್ಕೆ ಉಬ್ಬಿತು, ಎಷ್ಟಕ್ಕೆ ಇಟ್ಟಿಗೆಯಾಯಿತು ಎಂಬುದನ್ನು ಬರೆಯಿರಿ. ಏಪ್ರಿಲಿನ ಬಿಸಿಲಿನಲ್ಲಿ ಹಿಟ್ಟು ಬೇಗ ಉಬ್ಬುವುದು, ಡಿಸೆಂಬರಿನ ಚಳಿಯಲ್ಲಿ ತಡವಾಗುವುದು. ಪಾತ್ರೆಗೆ ಗುರುತಿಟ್ಟು ಗಡಿಯಾರ ನೋಡಿದರೆ ವ್ಯತ್ಯಾಸ ತಿಳಿಯುವುದು. ಕುದಿಯುವ ನೀರನ್ನು ಹಾಕಿದರೆ ಯೀಸ್ಟು ಸತ್ತು ಹಿಟ್ಟು ಉಬ್ಬುವುದೇ ಇಲ್ಲ. ಕೆಟ್ಟ ರೊಟ್ಟಿಯನ್ನು ಹಸುವಿಗೆ ಹಾಕಿದರೂ ಕೆಟ್ಟ ಕಾರಣವನ್ನು ಹೊತ್ತಗೆಗೆ ಹಾಕಬೇಕು.

೪. ನಗಿಸುವ ಬರಹ

ನಾ. ಕಸ್ತೂರಿಯವರ ಹೆಸರು ಹಿಂದೆ ಬಂದಿತಷ್ಟೆ. ಅವರ ‘ಅನರ್ಥಕೋಶ’ವು ನಿಘಂಟಿನ ವೇಷ ಹಾಕಿಕೊಂಡ ನಗೆಯ ಗ್ರಂಥ. ಅದೇ ಕಾಲದಲ್ಲಿ ‘ರಾಶಿ’ಯೆಂಬ ಹೆಸರಿನಿಂದ ಬರೆಯುತ್ತಿದ್ದ ಡಾಕ್ಟರ್ ಎಂ. ಶಿವರಾಂ ಅವರು ವೃತ್ತಿಯಲ್ಲಿ ವೈದ್ಯರು. ಅವರು 1942ರಲ್ಲಿ ‘ಕೊರವಂಜಿ’ಯೆಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿ 1967ರವರೆಗೆ ನಡೆಸಿದರು. ಮುಂದೆ ಜಗತ್ಪ್ರಸಿದ್ಧರಾದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ ಆರಂಭದ ಚಿತ್ರಗಳು ಅದರಲ್ಲಿ ಬಂದುವು. ‘ಬೀಚಿ’ಯೆಂದು ಹೆಸರಾದ ರಾಯಸಂ ಭೀಮಸೇನರಾಯರು (1913–1980) ಹುಟ್ಟಿದ್ದು ಅಂದಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ. 1953ರವರೆಗೆ ರಾಯದುರ್ಗವೂ ಬಳ್ಳಾರಿ ಜಿಲ್ಲೆಗೇ ಸೇರಿದ್ದುದರಿಂದ ಅವರನ್ನು ನಮ್ಮ ಜಿಲ್ಲೆಯವರೆನ್ನುವ ಹಕ್ಕು ನಮ್ಮ ಹಿರಿಯರಿಗುಂಟು. ಪೊಲೀಸ್ ಇಲಾಖೆಯಲ್ಲಿ ಕೆಲಸಮಾಡುತ್ತಲೇ ಅವರು ತಿಂಮನನ್ನು ಸೃಷ್ಟಿಸಿ ನಾಡನ್ನು ನಗಿಸಿದರು. ಅಧ್ಯಾಪಕರು, ವೈದ್ಯರು, ಪೊಲೀಸ್ ಇಲಾಖೆಯವರು—ಮೂವರಿಗೂ ಹೊಟ್ಟೆಪಾಡಿನ ಉದ್ಯೋಗ ಬೇರೆ. ಬರಹ ಬಿಡುವಿನ ಕೆಲಸ.

ನಗೆಯ ಬರಹಕ್ಕೆ ಸಾಮಗ್ರಿಯನ್ನು ಎಲ್ಲಿಂದ ತರಬೇಕು? ಎರಡು ನುಡಿಗಳು ಒಂದೇ ಬೀದಿಯಲ್ಲಿ ನಡೆಯುವ ನಮ್ಮಂಥ ಊರುಗಳಲ್ಲಿ ಅದಕ್ಕೆ ಬರವಿಲ್ಲ. ಒಂದು ಉದಾಹರಣೆ ನೋಡಿರಿ. ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಜಗಲಿಯ ಮೇಲೆ ಕುಳಿತಿದ್ದಾರೆ. ಹಾಲಿನವಳು ಬಂದು ತೆಲುಗಿನಲ್ಲಿ “ಪಾಲು ಕಾವಾಲಾ?” ಎನ್ನುತ್ತಾಳೆ. ತೆಲುಗಿನಲ್ಲಿ ಪಾಲು ಎಂದರೆ ಹಾಲು. ನೆಂಟರು ಗಾಬರಿಯಾಗಿ, “ಅಯ್ಯೋ, ನಾನು ಪಾಲು ಕೇಳುವುದಕ್ಕೆ ಬಂದವನಲ್ಲಮ್ಮ! ಮನೆ ಹೊಲ ಎಲ್ಲ ಅಣ್ಣನಿಗೇ ಇರಲಿ, ನಾನು ಮದುವೆಗೆ ಕರೆಯಲು ಬಂದೆ” ಎಂದು ಕೈಮುಗಿಯುತ್ತಾರೆ. ಇಲ್ಲಿ ತೆಲುಗನ್ನೂ ಹೀಯಾಳಿಸಿಲ್ಲ, ಕನ್ನಡವನ್ನೂ ಹೀಯಾಳಿಸಿಲ್ಲ, ಹಾಲಿನವಳನ್ನೂ ಹೀಯಾಳಿಸಿಲ್ಲ. ಪರರ ಅಂಗವೈಕಲ್ಯ, ಬಡತನ, ಜಾತಿ, ನುಡಿ ಇವು ನಗೆಯ ಸಾಮಗ್ರಿಗಳಲ್ಲ; ನಮ್ಮದೇ ತಪ್ಪು ತಿಳಿವಳಿಕೆ ಎಷ್ಟಾದರೂ ಸಾಮಗ್ರಿಯಾಗಬಹುದು. ಮೊದಲಿನ ಮೂರು ಹವ್ಯಾಸಗಳಲ್ಲಿ ಕೆಟ್ಟುದನ್ನೆಲ್ಲ ಬರೆದಿಟ್ಟವನಿಗೆ ನಾಲ್ಕನೆಯದು ತಾನಾಗಿಯೇ ಬರುವುದು. ನನ್ನ ಅಲಾರಂ ಗಡಿಯಾರವೂ ಹೀಗೆ ಈ ಲೇಖನಕ್ಕೆ ಬಂದಿತು.

ತಂದೆತಾಯಿಯರಲ್ಲಿ ಒಂದು ಅರಿಕೆ

ಹವ್ಯಾಸದಿಂದ ಓದು ಕೆಡುವುದೆಂದು ತಾವು ಅಂಜುವುದು ಸಹಜ. ಅದರಲ್ಲಿಯೂ ಗಡಿನಾಡಿನ ಕನ್ನಡ ಶಾಲೆಯ ಮಕ್ಕಳ ತಂದೆತಾಯಿಯರಿಗೆ ಇನ್ನೊಂದು ಅಂಜಿಕೆಯುಂಟು: ಮುಂದೆ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಓದಬೇಕಾದಾಗ ನಮ್ಮ ಮಗು ಹಿಂದೆ ಬಿದ್ದೀತೇ? ಈ ಅಂಜಿಕೆಯನ್ನು ಹಗುರವಾಗಿ ಕಾಣಲಾಗದು. ಆದರೆ ವಿಚಾರಮಾಡಿ ನೋಡಿರಿ. ಹಿಟ್ಟು ಏಕೆ ಉಬ್ಬಿತೆಂಬುದನ್ನು ತನ್ನ ಮಾತಿನಲ್ಲಿ ಬರೆಯಬಲ್ಲ ಮಗುವಿಗೆ ಮುಂದೆ ಬೇಕಾಗುವುದು ಬೇರೆ ನುಡಿಯ ಕೆಲವು ಪದಗಳು ಮಾತ್ರ. ಅರ್ಥವಾಗದೆ ಬಾಯಿಪಾಠ ಮಾಡಿದ ಮಗುವಿಗೆ ಯಾವ ನುಡಿಯಲ್ಲಿ ಕೇಳಿದರೂ ಉತ್ತರ ತಿಳಿಯದು. ಯಂತ್ರದ ತಿಳಿವಳಿಕೆ ಬೇರೆ ಯಾರದೋ ಸ್ವತ್ತೆಂದು ನಮ್ಮ ಮಕ್ಕಳು ತಿಳಿಯಬಾರದು.

ಇದಕ್ಕಾಗಿ ಹೆಚ್ಚು ಹಣ ಬೇಡ. ಒಂದು ನೋಟುಪುಸ್ತಕ, ದಿನಕ್ಕೆ ಅರ್ಧ ಗಂಟೆ, ಬಿಚ್ಚುವುದಕ್ಕೆ ಮೂಲೆಗೆ ಬಿದ್ದ ಒಂದು ಹಳೆಯ ಟಾರ್ಚು ಸಾಕು. ಬೆಂಕಿ, ವಿದ್ಯುತ್ತು, ಹರಿತವಾದ ಆಯುಧ ಈ ಮೂರರ ಬಳಿ ತಾವು ನಿಂತಿರಬೇಕು. ಮೊಬೈಲಿನ ಆಟಕ್ಕೆ ಕುಳಿತರೆ ಎಷ್ಟು ಹೊತ್ತೆಂದು ಮೊದಲೇ ಗೊತ್ತುಮಾಡಿರಿ. ಮಗು ಏನನ್ನಾದರೂ ಕೆಡಿಸಿ ಬಂದಾಗ, ಬೈಯುವ ಮೊದಲು “ಎಲ್ಲಿ, ಹೊತ್ತಗೆ ತೋರಿಸು” ಎಂದು ಕೇಳಿರಿ. ಹೊತ್ತಗೆಯಲ್ಲಿ ಬರೆದಿದ್ದರೆ ಅದು ಪ್ರಯೋಗ. ಬರೆದಿರದಿದ್ದರೆ ಅದು ಪುಂಡಾಟ.

ಮಾಡಿ ನೋಡಿರಿ

1. ಹಳೆಯ ಟಾರ್ಚು ಅಥವಾ ಬಾಲ್‌ಪೆನ್ನನ್ನು ಬಿಚ್ಚಿ, ಭಾಗಗಳನ್ನು ಬಿಳಿಯ ಬಟ್ಟೆಯ ಮೇಲೆ ಸಾಲಾಗಿಟ್ಟು, ಚಿತ್ರ ಬರೆದು, ಮರಳಿ ಜೋಡಿಸಿರಿ.
2. ಐದಕ್ಕೆ ಐದರ ಮಣೆಯಲ್ಲಿ ಮೂಲೆಯಿಂದ ಹೊರಟ ಕುದುರೆಯ ದಾರಿಯನ್ನು 1ರಿಂದ 25ರವರೆಗೆ ಅಂಕೆಗಳಿಂದ ಗುರುತಿಸಿರಿ.
3. ಮನೆಯ ಇಡ್ಲಿಹಿಟ್ಟಿನ ಪಾತ್ರೆಗೆ ಗುರುತಿಟ್ಟು, ಒಂದು ವಾರ ಅದು ಉಬ್ಬಿದ ಎತ್ತರವನ್ನೂ ಹಿಡಿದ ವೇಳೆಯನ್ನೂ ಬರೆಯಿರಿ.
4. ಕನ್ನಡ ತೆಲುಗುಗಳೆರಡರಲ್ಲೂ ಇದ್ದು ಬೇರೆ ಬೇರೆ ಅರ್ಥ ಕೊಡುವ ಐದು ಮಾತುಗಳನ್ನು ಹುಡುಕಿ, ಒಂದರ ಮೇಲೆ ನಗೆಯ ಕಥೆ ಬರೆಯಿರಿ.

ಆ ಅಲಾರಂ ಗಡಿಯಾರ ಇಂದಿಗೂ ನನ್ನ ಮೇಜಿನ ಮೇಲಿದೆ. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಧೂಳೊರೆಸಿ, ಎಣ್ಣೆ ಹಾಕಿ ಜೋಡಿಸುತ್ತೇನೆ. ಕೈಯಲ್ಲಿ ಏನೂ ಉಳಿಯುವುದಿಲ್ಲ.